ಇಂಗ್ಲಿಷಿನ ಅಳತೆಯ ಪದಗಳು: ಅರ್ಥ ಮತ್ತು ಅನುವಾದ

ಒಂದು ಜನಾಂಗವು ತನ್ನ ಸುತ್ತಲಿನ ಜಗತ್ತನ್ನು ಹೇಗೆ ಅಳೆಯಿತೆಂಬುದು ಆ ಜನರ ಅಳತೆಯ ಪದಗಳಲ್ಲಿ ಉಳಿದಿರುತ್ತದೆ. ಇಂಗ್ಲಿಷಿನ ಇಂತಹ ಅನೇಕ ಪದಗಳು ನಮ್ಮ ಮಾತಿನಲ್ಲಿ ಬೆರೆತುಹೋಗಿವೆ. ಇಂಚು, ಮೈಲು, ಎಕರೆ, ಡಜನ್ ಮೊದಲಾದವನ್ನು ಪರಭಾಷೆಯ ಪದಗಳೆಂದು ಈಗ ಯಾರೂ ಎಣಿಸುವುದಿಲ್ಲ. ಆದರೆ ಪರಿಚಿತವಾದ ಪದವೇ ಅನುವಾದಕನನ್ನು ಎಡವಿಸುವುದುಂಟು. ಎರಡು ಮೂರು ಭಾಷೆಗಳ ನಡುವೆ ನಿತ್ಯ ವ್ಯವಹರಿಸುವ ಹೊರನಾಡ ಕನ್ನಡಿಗರಿಗೆ ಈ ಪದಗಳ ಹಿನ್ನೆಲೆ ತಿಳಿದಿರುವುದು ಅಗತ್ಯ.

ಅಳತೆಯ ಮೊದಲ ಉಪಕರಣ ಮನುಷ್ಯನ ದೇಹ. ಫುಟ್ ಎಂದರೆ ಪಾದ. ಕನ್ನಡದ ‘ಅಡಿ’ಯೂ ಅದೇ. ಕ್ಯುಬಿಟ್ ಎಂಬುದು ಮೊಣಕೈ ಎಂಬರ್ಥದ ಲ್ಯಾಟಿನ್ ಪದದಿಂದ ಬಂದಿದೆ. ಅದು ನಮ್ಮ ಮೊಳ. ಸ್ಪ್ಯಾನ್ ನಮ್ಮ ಗೇಣು. ಫ್ಯಾದಮ್ ಎಂಬುದಕ್ಕೆ ಹಳೆಯ ಇಂಗ್ಲಿಷಿನಲ್ಲಿ ಚಾಚಿದ ತೋಳುಗಳು, ಅಪ್ಪುಗೆ ಎಂಬ ಅರ್ಥಗಳಿದ್ದವು. ಅದು ನಮ್ಮ ಮಾರು. ಮುಂದೆ ಈ ಎರಡು ಪದಗಳ ದಾರಿ ಬೇರೆಯಾಯಿತು. ನಾವಿಕರು ಕಡಲಿನ ಆಳವನ್ನು ಆರು ಅಡಿಯ ಫ್ಯಾದಮಿನಿಂದ ಅಳೆದುದರಿಂದ ಆ ಪದವು ಕ್ರಿಯಾಪದವಾಗಿ ‘ಆಳವನ್ನು ಅರಿ’, ‘ಗ್ರಹಿಸು’ ಎಂಬ ಅರ್ಥಗಳನ್ನು ಪಡೆಯಿತು. ಕನ್ನಡದ ಮಾರು ಹೂವಾಡಗಿತ್ತಿಯ ಬುಟ್ಟಿಯ ಬಳಿ ಉಳಿಯಿತು. ಅಳತೆಯಲ್ಲಿ ಸಮಾನವಾದ ಪದಗಳು ಭಾವದಲ್ಲಿ ಸಮಾನವಾಗಿರಬೇಕಿಲ್ಲ ಎಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ಇನ್ನು ಕೆಲವು ಪದಗಳು ರೋಮನ್ನರ ಬಳುವಳಿ. ಹನ್ನೆರಡನೆಯ ಒಂದು ಭಾಗವನ್ನು ಅವರು ‘ಉನ್ಸಿಯಾ’ ಎನ್ನುತ್ತಿದ್ದರು. ಈ ಒಂದೇ ಮೂಲದಿಂದ ಇಂಗ್ಲಿಷಿಗೆ ಎರಡು ಪದಗಳು ದೊರೆತವು: ಉದ್ದಕ್ಕೆ ಇಂಚು, ತೂಕಕ್ಕೆ ಔನ್ಸ್. ಅಡಿಗೆ ಹನ್ನೆರಡು ಇಂಚೆಂಬ ಲೆಕ್ಕ ಹಾಗೆಯೇ ನಿಂತಿತು. ಸಾಮಾನ್ಯ ವ್ಯಾಪಾರದ ಪೌಂಡಿನಲ್ಲಿ ಮಾತ್ರ ಔನ್ಸುಗಳ ಸಂಖ್ಯೆ ಹದಿನಾರಾಗಿ, ಪದದ ಮೂಲಾರ್ಥ ಮರೆಯಾಯಿತು. ಮೈಲು ಎಂದರೆ ಮೂಲದಲ್ಲಿ ‘ಸಾವಿರ’. ರೋಮನ್ ಸೈನಿಕನ ಸಾವಿರ ಜೋಡಿಹೆಜ್ಜೆಗಳು. 1593ರಲ್ಲಿ ಇಂಗ್ಲೆಂಡಿನ ಶಾಸನವು ಅದನ್ನು ಎಂಟು ಫರ್ಲಾಂಗಿಗೆ, ಅಂದರೆ 5280 ಅಡಿಗೆ ನಿಗದಿಗೊಳಿಸಿತು.

ಫರ್ಲಾಂಗ್ ಮತ್ತು ಎಕರೆಗಳು ಒಕ್ಕಲುತನದ ಪದಗಳು. ಫರ್ಲಾಂಗ್ ಎಂದರೆ ನೇಗಿಲಸಾಲಿನ ಉದ್ದ. ಎಕರೆ ಎಂದರೆ ಮೊದಲಿಗೆ ಹೊಲವೆಂದಷ್ಟೇ ಅರ್ಥ. ಸಂಸ್ಕೃತದ ‘ಅಜ್ರ’ ಇದರ ಜ್ಞಾತಿಪದ. ಮುಂದೆ ಅದು ಎತ್ತುಗಳ ಹೂಟಿಯೊಂದು ದಿನದಲ್ಲಿ ಉಳಬಹುದಾದ ನೆಲಕ್ಕೆ ಹೆಸರಾಗಿ, ಕೊನೆಗೆ 43,560 ಚದರ ಅಡಿಗೆ ಸ್ಥಿರಗೊಂಡಿತು. ಎಡ್ಮಂಡ್ ಗಂಟರ್ ರೂಪಿಸಿದ ಮೋಜಣಿ ಸರಪಳಿಯ ಉದ್ದ 66 ಅಡಿ. ನಮ್ಮ ಪಹಣಿಯಲ್ಲಿ ಕಾಣುವ ಗುಂಟೆಯು ಆ ಸರಪಳಿಯ ಅರ್ಧದಷ್ಟು, ಅಂದರೆ 33 ಅಡಿ ಬದಿಯುಳ್ಳ ಚೌಕ. ಇಂತಹ ನಲವತ್ತು ಗುಂಟೆ ಸೇರಿ ಒಂದು ಎಕರೆ. ಊರಿನ ಜಮೀನಿನ ಕಾಗದವನ್ನು ಮುಂಬಯಿಯಲ್ಲೋ ದೆಹಲಿಯಲ್ಲೋ ಕುಳಿತು ಓದುವವರು ದಶಮಾಂಶದ ಅಭ್ಯಾಸದಿಂದ ‘2 ಎಕರೆ 20 ಗುಂಟೆ’ಯನ್ನು 2.20 ಎಕರೆಯೆಂದು ತಿಳಿಯಬಾರದು. ಅದು ಎರಡೂವರೆ ಎಕರೆ.

ಎಣಿಕೆಯ ಪದಗಳಲ್ಲಿ ಎಚ್ಚರಿಕೆ ಇನ್ನೂ ಹೆಚ್ಚು ಬೇಕು. ಫೋರ್ಟ್‌ನೈಟ್ ಎಂದರೆ ಹದಿನಾಲ್ಕು ರಾತ್ರಿಗಳು. ನಾವು ಅದನ್ನು ‘ಹದಿನೈದು ದಿನ’ ಎನ್ನುತ್ತೇವೆ; ಮರಾಠಿಯ ‘ಪಂಧರವಡಾ’ ಕೂಡ ಹದಿನೈದರ ಲೆಕ್ಕವೇ. ಲೋಕರೂಢಿಯಲ್ಲಿ ಇದರಿಂದ ಬಾಧೆಯಿಲ್ಲ. ಗಡುವು ಸೂಚಿಸುವ ಕಾಗದಪತ್ರಗಳಲ್ಲಿ ಒಂದು ದಿನದ ಅಂತರವೂ ಅಂತರವೇ. ಬಿಲಿಯನ್ ಎಂಬುದರ ತೊಡಕು ಇದಕ್ಕಿಂತ ದೊಡ್ಡದು. ಅಮೆರಿಕದಲ್ಲಿ ಅದು ನೂರು ಕೋಟಿ. ಬ್ರಿಟನ್ನಿನ ಹಳೆಯ ರೂಢಿಯಲ್ಲಿ ಲಕ್ಷ ಕೋಟಿ. 1974ರಲ್ಲಿ ಬ್ರಿಟಿಷ್ ಸರ್ಕಾರವು ತನ್ನ ಅಂಕಿಅಂಶಗಳಲ್ಲಿ ಮೊದಲನೆಯ ಅರ್ಥವನ್ನು ಸ್ವೀಕರಿಸಿತು. ಆದ್ದರಿಂದ ಗ್ರಂಥವೊಂದು ಯಾವ ದೇಶದ್ದು, ಯಾವ ಕಾಲದ್ದು ಎಂದು ನೋಡದೆ ಅನುವಾದಿಸಿದರೆ ಸಾವಿರ ಪಟ್ಟು ವ್ಯತ್ಯಾಸವಾದೀತು. ಗ್ಯಾಲನ್ ಕೂಡ ಹೀಗೆಯೇ: ಬ್ರಿಟನ್ನಿನದು ಸುಮಾರು 4.55 ಲೀಟರ್, ಅಮೆರಿಕದ್ದು 3.79 ಲೀಟರ್.

ಕೊಡುಕೊಳ್ಳುವಿಕೆ ಒಮ್ಮುಖವಾದುದಲ್ಲ. ಲಕ್ಷ, ಕೋಟಿ, ತೊಲ, ಸೇರು, ಮಣಗಳು ಇಂಗ್ಲಿಷ್ ನಿಘಂಟುಗಳನ್ನು ಸೇರಿವೆ. ನಮ್ಮ ಹತ್ತಿ ವ್ಯಾಪಾರದ ಧಾರಣೆಯನ್ನು ಇಂದಿಗೂ ‘ಕ್ಯಾಂಡಿ’ಯ ಲೆಕ್ಕದಲ್ಲಿ ಹೇಳುತ್ತಾರೆ. ಇದು ಮಿಠಾಯಿಯಲ್ಲ, ಸುಮಾರು 356 ಕಿಲೋಗ್ರಾಂ ತೂಕದ ‘ಖಂಡಿ’.

ನುಡಿಗಟ್ಟುಗಳಲ್ಲಿ ಅಳತೆಯು ಲೆಕ್ಕವನ್ನು ಬಿಟ್ಟು ಭಾವವಾಗುತ್ತದೆ. ಇಂಚು ಕೊಟ್ಟರೆ ಮೈಲು ಕೇಳುವವನ ವಿಷಯವಾಗಿ ಇಂಗ್ಲಿಷಿನಲ್ಲಿ ಗಾದೆಯಿದೆ. ಅವನನ್ನು ಕನ್ನಡಕ್ಕೆ ತರುವಾಗ ಇಂಚು ಮೈಲುಗಳನ್ನು ಹೊತ್ತು ತರಬೇಕಿಲ್ಲ. ಬೆರಳು ತೋರಿಸಿದರೆ ಹಸ್ತ ನುಂಗುವವನು ನಮ್ಮಲ್ಲಿಯೇ ಇದ್ದಾನೆ.

1956ರ ಕಾಯಿದೆಯ ತರುವಾಯ ದೇಶದಲ್ಲಿ ಮೆಟ್ರಿಕ್ ಪದ್ಧತಿ ನೆಲೆಗೊಂಡು ವ್ಯವಹಾರ ಸುಲಭವಾಯಿತು. ಅದರೊಡನೆ ಪಾವು, ಚಟಾಕು, ಕೊಳಗ, ಖಂಡುಗಗಳು ಬಳಕೆಯಿಂದ ಸರಿದವು. ಹೊರನಾಡಿನಲ್ಲಿ ಬೆಳೆದ ನಮ್ಮ ಮಕ್ಕಳಿಗೆ ಇಂಚು ಗೊತ್ತು, ಗೇಣು ಗೊತ್ತಿಲ್ಲ. ಅಳೆಯಲು ಗೇಣು ಇಂದು ಬೇಡವಾಗಬಹುದು. ‘ಗೇಣು ಹೊಟ್ಟೆ’ಯ ಮಾತು ಅರ್ಥವಾಗಲು ಅದು ಬೇಕು. ಮನೆಯ ಮಾತಿನಲ್ಲಿ ಈ ಪದಗಳನ್ನು ಉಳಿಸಿಕೊಂಡರೆ ಹಿರಿಯರ ನುಡಿಯೂ ಶಾಸನಗಳ ದಾನದ ಲೆಕ್ಕವೂ ಮುಂದಿನ ತಲೆಮಾರಿಗೆ ತೆರೆದಿರುತ್ತವೆ.