ಯಲಹಂಕ ಡೀಸೆಲ್ ವಿದ್ಯುತ್ ಸ್ಥಾವರ

ಯಲಹಂಕ ಡೀಸೆಲ್ ವಿದ್ಯುತ್ ಸ್ಥಾವರವು ಬೆಂಗಳೂರಿನ ಉತ್ತರ ಭಾಗದ ಯಲಹಂಕದಲ್ಲಿ ಸ್ಥಾಪಿಸಲಾದ ತೈಲಾಧಾರಿತ ವಿದ್ಯುತ್ ಉತ್ಪಾದನಾ ಕೇಂದ್ರವಾಗಿತ್ತು. 1993–94ರಲ್ಲಿ ಕಾರ್ಯಾರಂಭ ಮಾಡಿದ ಈ ಸ್ಥಾವರದಲ್ಲಿ ತಲಾ 21.32 ಮೆಗಾವ್ಯಾಟ್‌ನ ಆರು ಘಟಕಗಳಿದ್ದವು; ಒಟ್ಟು ಸ್ಥಾಪಿತ ಸಾಮರ್ಥ್ಯ 127.92 ಮೆಗಾವ್ಯಾಟ್ ಆಗಿತ್ತು.

ಹಿನ್ನೆಲೆ

ಕರ್ನಾಟಕವು ದೀರ್ಘಕಾಲ ಜಲವಿದ್ಯುತ್ತನ್ನೇ ಅವಲಂಬಿಸಿತ್ತು. ಶಿವಮೊಗ್ಗ ಜಿಲ್ಲೆಯ 1,035 ಮೆಗಾವ್ಯಾಟ್ ಸಾಮರ್ಥ್ಯದ ಶರಾವತಿ ವಿದ್ಯುದಾಗಾರವು ಇದರಲ್ಲಿ ಪ್ರಮುಖವಾದುದು. ಮಳೆ ಕೊರತೆಯಾಗಿ ಲಿಂಗನಮಕ್ಕಿ ಜಲಾಶಯದ ಮಟ್ಟ ಕುಸಿದರೆ ದೂರದ ಬೆಂಗಳೂರಿಗೂ ವಿದ್ಯುತ್ ಅಭಾವ ತಟ್ಟುತ್ತಿತ್ತು. 1985ರಲ್ಲಿ ರಾಯಚೂರು ಶಾಖೋತ್ಪನ್ನ ಕೇಂದ್ರದ ಮೊದಲ ಘಟಕ ಆರಂಭವಾದರೂ ಬೇಡಿಕೆ ಬೆಳೆಯುತ್ತಲೇ ಇತ್ತು. ಬಳಕೆಯ ಸ್ಥಳದ ಸಮೀಪದಲ್ಲೇ ಉತ್ಪಾದಿಸುವುದರಿಂದ ಪ್ರಸರಣ ನಷ್ಟ ಕಡಿಮೆಯಾಗುತ್ತದೆ. ಡೀಸೆಲ್ ಸ್ಥಾವರಕ್ಕೆ ಜಲಾಶಯವಾಗಲಿ ಕಲ್ಲಿದ್ದಲು ಸಾಗಣೆಯಾಗಲಿ ಬೇಕಿಲ್ಲ.

ಕಾರ್ಯವಿಧಾನ

ಇಂತಹ ದೊಡ್ಡ ಸ್ಥಾವರಗಳಲ್ಲಿ ಸಾಮಾನ್ಯವಾಗಿ ವಾಹನಗಳ ಡೀಸೆಲ್‌ಗಿಂತ ದಪ್ಪವಾದ, ಅಗ್ಗದ ಉಳಿಕೆ ತೈಲವನ್ನು ಉರಿಸಲಾಗುತ್ತದೆ. ತಣ್ಣಗಿರುವಾಗ ಸರಾಗವಾಗಿ ಹರಿಯದ ಈ ತೈಲವನ್ನು ಹಬೆಯಿಂದ ಬಿಸಿಮಾಡಿ, ವೇಗವಾಗಿ ತಿರುಗುವ ಶುದ್ಧೀಕರಣ ಯಂತ್ರದಲ್ಲಿ ನೀರು ಮತ್ತು ಕಲ್ಮಶವನ್ನು ಬೇರ್ಪಡಿಸುತ್ತಾರೆ. ಎಂಜಿನ್‌ನ ಸಿಲಿಂಡರಿನಲ್ಲಿ ಗಾಳಿಯನ್ನು ಬಲವಾಗಿ ಅದುಮಿದಾಗ ಅದರ ಉಷ್ಣತೆ ಬಹಳ ಏರುತ್ತದೆ. ಆಗ ಸಿಂಪಡಿಸಿದ ತೈಲವು ಕಿಡಿಯಿಲ್ಲದೆಯೇ ಹೊತ್ತಿಕೊಂಡು ಪಿಸ್ಟನ್‌ ಅನ್ನು ತಳ್ಳುತ್ತದೆ. ಈ ಚಲನೆಯು ದಂಡದ ಮೂಲಕ ಜನರೇಟರ್‌ ಅನ್ನು ತಿರುಗಿಸುತ್ತದೆ. ಹೊರಬರುವ ಬಿಸಿ ಅನಿಲವು ಟರ್ಬೋಚಾರ್ಜರ್ ಅನ್ನು ನಡೆಸುತ್ತದೆ. ಉಳಿದ ಶಾಖದಿಂದ ತೈಲವನ್ನು ಬಿಸಿಮಾಡಲು ಬೇಕಾದ ಹಬೆಯನ್ನು ಪಡೆಯಬಹುದು.

ತಣ್ಣಗಾದ ಕಲ್ಲಿದ್ದಲು ಘಟಕವನ್ನು ಪೂರ್ಣ ಉತ್ಪಾದನೆಗೆ ತರಲು ಹಲವು ಗಂಟೆಗಳು ಬೇಕು. ಸಿದ್ಧಸ್ಥಿತಿಯಲ್ಲಿಟ್ಟ ಡೀಸೆಲ್ ಎಂಜಿನ್ ಕೆಲವೇ ನಿಮಿಷಗಳಲ್ಲಿ ವಿದ್ಯುತ್ ನೀಡಬಲ್ಲದು. ಹಲವು ಘಟಕಗಳಿರುವುದರಿಂದ ಬೇಡಿಕೆಗೆ ತಕ್ಕಷ್ಟನ್ನೇ ನಡೆಸಬಹುದು.

ವೆಚ್ಚದ ಸಮಸ್ಯೆ

ಜಲವಿದ್ಯುತ್ತಿಗೆ ಇಂಧನ ವೆಚ್ಚವಿಲ್ಲ. ತೈಲ ಸ್ಥಾವರದ ಪ್ರತಿ ಯೂನಿಟ್ಟಿನ ದರವು ಕಚ್ಚಾ ತೈಲದ ಬೆಲೆಯೊಂದಿಗೆ ಏರಿಳಿಯುತ್ತದೆ. ಆದ್ದರಿಂದ ಇಂತಹ ಸ್ಥಾವರಗಳು ನಿತ್ಯದ ಉತ್ಪಾದನೆಗಿಂತ ಕೊರತೆಯ ಕಾಲಕ್ಕೆ ಹೆಚ್ಚು ಸೂಕ್ತ. ಮಂಗಳೂರಿನ ತಣ್ಣೀರುಬಾವಿಯಲ್ಲಿ 2001ರಲ್ಲಿ ಆರಂಭವಾದ, ನಾಫ್ತಾ ಬಳಸುತ್ತಿದ್ದ 220 ಮೆಗಾವ್ಯಾಟ್‌ನ ತೇಲುವ ಸ್ಥಾವರವನ್ನು ಮುಂದೆ ಕಾಕಿನಾಡಕ್ಕೆ ಸ್ಥಳಾಂತರಿಸಿ, ನೈಸರ್ಗಿಕ ಅನಿಲಕ್ಕೆ ಪರಿವರ್ತಿಸಲಾಯಿತು.

ಆಡಳಿತ ಮತ್ತು ನಂತರದ ಬೆಳವಣಿಗೆ

ಕರ್ನಾಟಕ ವಿದ್ಯುತ್ ಮಂಡಳಿಯ ಪುನರ್ರಚನೆಯ ಬಳಿಕ ಸ್ಥಾವರವು ವಿಶ್ವೇಶ್ವರಯ್ಯ ವಿದ್ಯುತ್ ನಿಗಮಕ್ಕೆ ಸೇರಿತು. ಆ ನಿಗಮವು 2006ರಲ್ಲಿ ಕರ್ನಾಟಕ ವಿದ್ಯುತ್ ನಿಗಮದಲ್ಲಿ ವಿಲೀನವಾಯಿತು. ಯಲಹಂಕದ ಇದೇ ಆವರಣದಲ್ಲಿ ನಿಗಮವು 370 ಮೆಗಾವ್ಯಾಟ್ ಸಾಮರ್ಥ್ಯದ ಅನಿಲಾಧಾರಿತ ಸಂಯುಕ್ತ ಆವರ್ತ ಸ್ಥಾವರವನ್ನು ನಿರ್ಮಿಸಿದ್ದು, ಅದು 2024ರಲ್ಲಿ ಉದ್ಘಾಟನೆಗೊಂಡಿತು. ಇದರಲ್ಲಿ ಅನಿಲ ಟರ್ಬೈನ್‌ನಿಂದ ಹೊರಬರುವ ಶಾಖದಿಂದಲೇ ಹಬೆ ತಯಾರಿಸಿ ಮತ್ತೊಂದು ಟರ್ಬೈನ್‌ ಅನ್ನು ನಡೆಸುವುದರಿಂದ, ಅದೇ ಇಂಧನದಿಂದ ಹೆಚ್ಚು ವಿದ್ಯುತ್ ದೊರೆಯುತ್ತದೆ.