ವರ್ಚುವಲ್ ಸರ್ವರ್‌ಗಳ ಬಳಕೆಯ ಅಳತೆ ಮತ್ತು ಪರವಾನಗಿ ವೆಚ್ಚ

ಲೆಕ್ಕಪತ್ರ, ಇ-ಮೇಲ್, ಉಗ್ರಾಣದ ದಾಸ್ತಾನು, ವೇತನಪಟ್ಟಿ ಇವುಗಳಿಗೆ ಒಂದೊಂದು ಪ್ರತ್ಯೇಕ ಸರ್ವರ್ ಇರಿಸುವ ಪದ್ಧತಿ ಮಧ್ಯಮ ಗಾತ್ರದ ಉದ್ಯಮಗಳಲ್ಲಿ ಬಹುಮಟ್ಟಿಗೆ ಹಿಂದೆ ಸರಿದಿದೆ. ಎರಡು ಮೂರು ಬಲಿಷ್ಠ ಯಂತ್ರಗಳ ಮೇಲೆ ಹೈಪರ್‌ವೈಸರ್ ಎಂಬ ತಂತ್ರಾಂಶವನ್ನು ಅಳವಡಿಸಿ, ಅದರ ಆಶ್ರಯದಲ್ಲಿ ಹತ್ತಾರು ವರ್ಚುವಲ್ ಮೆಷಿನ್‌ಗಳನ್ನು ನಡೆಸುವುದು ಈಗ ರೂಢಿಯಾಗಿದೆ. ಇದನ್ನು ವಠಾರದ ಮನೆಗಳಿಗೆ ಹೋಲಿಸಬಹುದು. ಪ್ರತಿ ಬಾಡಿಗೆದಾರನಿಗೂ ತನ್ನದೇ ಬಾಗಿಲು, ತನ್ನದೇ ಬೀಗ. ಆದರೆ ನೀರಿನ ನಲ್ಲಿ ಮಾತ್ರ ಎಲ್ಲರಿಗೂ ಒಂದೇ. ಆ ನಲ್ಲಿಯ ಮುಂದೆ ಯಾರು, ಯಾವ ಹೊತ್ತಿನಲ್ಲಿ, ಎಷ್ಟು ಕಾಲ ಕಾದು ನಿಂತರು ಎಂಬ ಲೆಕ್ಕವನ್ನು ಬಹುತೇಕ ಸಂಸ್ಥೆಗಳು ಇಡುವುದಿಲ್ಲ.

ಪರವಾನಗಿ ಅಗ್ಗವಾಗಿದ್ದಷ್ಟು ಕಾಲ ಈ ಉದಾಸೀನ ದುಬಾರಿಯಾಗಿ ಕಾಣಲಿಲ್ಲ. 2023ರ ನವೆಂಬರ್ 22ರಂದು ಬ್ರಾಡ್‌ಕಾಮ್ ಸಂಸ್ಥೆಯು ವಿಎಂವೇರ್ ಸಂಸ್ಥೆಯನ್ನು ಸ್ವಾಧೀನಪಡಿಸಿಕೊಂಡಿತು. ಮರುತಿಂಗಳೇ ಶಾಶ್ವತ ಪರವಾನಗಿಗಳ ಮಾರಾಟವನ್ನು ಕೈಬಿಟ್ಟು, ಪ್ರೊಸೆಸರ್‌ನ ಕೋರ್‌ಗಳ ಸಂಖ್ಯೆಯನ್ನು ಆಧರಿಸಿದ ಚಂದಾ ಪದ್ಧತಿಗೆ ಬದಲಾಗುವುದಾಗಿ ಪ್ರಕಟಿಸಿತು. ಒಮ್ಮೆ ಬಂಡವಾಳ ವೆಚ್ಚವಾಗಿ ತೋರಿಸಿ ಮರೆಯಬಹುದಾಗಿದ್ದ ಬಾಬ್ತು ಹೀಗೆ ಮರುಕಳಿಸುವ ವೆಚ್ಚವಾಯಿತು. ಪ್ರತಿ ಪ್ರೊಸೆಸರ್‌ಗೆ ಕನಿಷ್ಠ 16 ಕೋರ್‌ಗಳ ಶುಲ್ಕ ತೆರಬೇಕೆಂಬ ಷರತ್ತೂ ಇದೆ. ತಲಾ 8 ಕೋರ್‌ಗಳ ಎರಡು ಪ್ರೊಸೆಸರ್ ಇರುವ ಮೂರು ಸರ್ವರ್‌ಗಳನ್ನು ಹೊಂದಿದ ಕಾರ್ಖಾನೆಯೊಂದನ್ನು ಊಹಿಸಿಕೊಳ್ಳಬಹುದು. ಅಲ್ಲಿ ನಿಜವಾಗಿ ಇರುವುದು 48 ಕೋರ್. ಶುಲ್ಕ ತೆರಬೇಕಾದುದು 96 ಕೋರ್‌ಗೆ. ಅದೇ ಕೆಲಸ ತಲಾ 16 ಕೋರ್‌ಗಳ ಎರಡು ಪ್ರೊಸೆಸರ್ ಇರುವ ಎರಡು ಯಂತ್ರಗಳಲ್ಲಿ ನಡೆಯುವುದಾದರೆ, ಇರುವುದೂ ತೆರುವುದೂ 64 ಕೋರ್. ಆದರೆ ಒಂದು ಯಂತ್ರ ಕೆಟ್ಟಾಗ ಉಳಿದ ಒಂದೇ ಯಂತ್ರವು ಇಡೀ ಭಾರವನ್ನು ಹೊರಬಲ್ಲದೇ? ಈ ಪ್ರಶ್ನೆಗೆ ಮಾರಾಟ ಪ್ರತಿನಿಧಿಯ ಅಂದಾಜಾಗಲಿ, ಸಿಬ್ಬಂದಿಯ ಊಹೆಯಾಗಲಿ ಉತ್ತರವಾಗಲಾರದು. ಉತ್ತರ ಅಳತೆಯಲ್ಲಿದೆ.

ಸಂಕ್ಷೇಪದಲ್ಲಿ ಕಳೆದುಹೋಗುವ ವಿವರ

ವಿಎಂವೇರ್ ವ್ಯವಸ್ಥೆಯನ್ನೇ ಉದಾಹರಣೆಯಾಗಿ ತೆಗೆದುಕೊಂಡರೆ, ಪ್ರತಿ ಯಂತ್ರವೂ 20 ಸೆಕೆಂಡಿಗೊಮ್ಮೆ ತನ್ನ ಬಳಕೆಯನ್ನು ಅಳೆಯುತ್ತದೆ. ಆದರೆ ಈ ಸೂಕ್ಷ್ಮ ವಿವರ ಉಳಿಯುವುದು ಸುಮಾರು ಒಂದು ಗಂಟೆ ಮಾತ್ರ. ಅನಂತರ ವಿಸೆಂಟರ್ ಎಂಬ ನಿರ್ವಹಣಾ ತಂತ್ರಾಂಶವು ಅವನ್ನು 5 ನಿಮಿಷಗಳ ಅಂಕಿಯಾಗಿ ಒಂದು ದಿನ, 30 ನಿಮಿಷಗಳ ಅಂಕಿಯಾಗಿ ಒಂದು ವಾರ, 2 ಗಂಟೆಗಳ ಅಂಕಿಯಾಗಿ ಒಂದು ತಿಂಗಳು, ಒಂದು ದಿನದ ಅಂಕಿಯಾಗಿ ಒಂದು ವರ್ಷ ಇರಿಸಿಕೊಳ್ಳುತ್ತದೆ. ಯಾರೂ ಬದಲಾಯಿಸದಿದ್ದರೆ ಇದೇ ಏರ್ಪಾಡು. ಲೆಕ್ಕಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ, ಖಾತೆ ಪುಸ್ತಕಕ್ಕೆ ಮೊತ್ತವನ್ನು ಏರಿಸಿದೊಡನೆ ವೋಚರುಗಳನ್ನು ಹರಿದು ಹಾಕಿದಂತೆ. ಯಾವ ಲೆಕ್ಕ ಪರಿಶೋಧಕನೂ ಇದನ್ನು ಒಪ್ಪಲಾರ.

ಇದರ ಪರಿಣಾಮ ಸಣ್ಣದಲ್ಲ. ತಿಂಗಳ 20ನೇ ತಾರೀಖು, ಜಿಎಸ್‌ಟಿಆರ್-3ಬಿ ಸಲ್ಲಿಕೆಯ ದಿನ, ಲೆಕ್ಕಪತ್ರ ವಿಭಾಗದ ವರ್ಚುವಲ್ ಮೆಷಿನ್ 2 ಗಂಟೆ ಕಾಲ ಶೇ. 95ರಷ್ಟು ದುಡಿದು, ಉಳಿದ 22 ಗಂಟೆ ಶೇ. 5ರಷ್ಟು ಮಾತ್ರ ದುಡಿಯಿತೆನ್ನೋಣ. ಆ ದಿನದ ಸರಾಸರಿ ಶೇ. 12.5. ಒಂದು ತಿಂಗಳು ಕಳೆದ ಮೇಲೆ ವರದಿ ತೆಗೆದವರಿಗೆ ಕಾಣುವುದು ಈ 12.5 ಮಾತ್ರ. ಅದನ್ನು ನಂಬಿ ಯಂತ್ರದ ಪಾಲನ್ನು ಕಡಿತಗೊಳಿಸಿದರೆ ಮುಂದಿನ 20ರಂದು ಸಿಬ್ಬಂದಿ ಪರದೆಯ ಮುಂದೆ ಕೈಕಟ್ಟಿ ಕೂರಬೇಕಾಗುತ್ತದೆ. ಗರಿಷ್ಠ ಮತ್ತು ಕನಿಷ್ಠ ಅಂಕಿಗಳನ್ನು ವಿಸೆಂಟರ್ ಉಳಿಸಿಕೊಳ್ಳುವುದು ಅದರ ನಾಲ್ಕನೆಯ, ಅಂದರೆ ಅತ್ಯುನ್ನತ ಅಂಕಿಅಂಶ ಹಂತದಲ್ಲಿ ಮಾತ್ರ. ರೂಢಿಯಲ್ಲಿರುವುದು ಮೊದಲನೆಯ ಹಂತ.

ಇನ್ನೊಂದು ಅಂಕಿಯಂತೂ ವಿಶೇಷ ಎಚ್ಚರವನ್ನು ಬೇಡುತ್ತದೆ. ನಲ್ಲಿಯ ಮುಂದೆ ಕಾದ ಹೊತ್ತನ್ನು ತಿಳಿಸುವ ಈ ಅಂಕಿಗೆ ‘ಸಿಪಿಯು ರೆಡಿ’ ಎಂದು ಹೆಸರು. ಕೆಲಸ ಸಿದ್ಧವಿದ್ದರೂ ಪ್ರೊಸೆಸರ್ ಬಿಡುವಾಗದೆ ವರ್ಚುವಲ್ ಮೆಷಿನ್ ಕಾದ ಸಮಯವದು. ಬಳಕೆಯ ಪ್ರಮಾಣ ಕಡಿಮೆ ಇದ್ದೂ ಯಂತ್ರ ನಿಧಾನವೆಂಬ ದೂರು ಬಂದಾಗ ಮೊದಲು ನೋಡಬೇಕಾದುದು ಇದನ್ನೇ. ಇದು ಶೇಕಡಾವಾರಿನಲ್ಲಲ್ಲದೆ ಮಿಲಿಸೆಕೆಂಡುಗಳ ಮೊತ್ತವಾಗಿ ದೊರೆಯುತ್ತದೆ. 20 ಸೆಕೆಂಡಿನ ಅವಧಿಯಲ್ಲಿ 1,000 ಮಿಲಿಸೆಕೆಂಡ್ ಎಂದರೆ ಶೇ. 5. ಅದೇ 1,000 ಎಂಬ ಅಂಕಿ 5 ನಿಮಿಷಗಳ ಅವಧಿಯದ್ದಾದರೆ ಶೇ. 0.33ರಷ್ಟೇ. ನಾಲ್ಕು ವರ್ಚುವಲ್ ಪ್ರೊಸೆಸರ್‌ಗಳ ಮೊತ್ತವಾಗಿದ್ದರೆ ಮತ್ತೆ ನಾಲ್ಕರಿಂದ ಭಾಗಿಸಬೇಕು. ಸಾವಿರಗಳಲ್ಲಿ ಬರೆದ ತಖ್ತೆಯನ್ನು ಲಕ್ಷಗಳೆಂದು ಓದಿದರೆ ಆಗುವ ಅನಾಹುತವೇ ಇಲ್ಲಿಯೂ ಆಗುತ್ತದೆ. ಅನಗತ್ಯವಾಗಿ ಹೊಸ ಸರ್ವರ್ ಖರೀದಿಗೆ ಟಿಪ್ಪಣಿ ಮಂಡನೆಯಾಗುವುದು ಇಂತಹ ಓದಿನಿಂದಲೇ.

ಸಂಗ್ರಹಣೆಯ ವೆಚ್ಚ ಎಷ್ಟು?

ಮೂಲ ಅಳತೆಗಳನ್ನು ಬೇರೆಡೆ ಸಂಗ್ರಹಿಸಿಡುವುದು ದುಬಾರಿಯೆಂಬ ಭಾವನೆ ವ್ಯಾಪಕವಾಗಿದೆ. ಲೆಕ್ಕ ಹಾಕಿ ನೋಡಬಹುದು. 50 ವರ್ಚುವಲ್ ಮೆಷಿನ್, ತಲಾ 30 ಬಗೆಯ ಅಳತೆ, 20 ಸೆಕೆಂಡಿಗೊಮ್ಮೆ: ದಿನಕ್ಕೆ 64.8 ಲಕ್ಷ ಅಂಕಿಗಳು. 2012ರಲ್ಲಿ ಸೌಂಡ್‌ಕ್ಲೌಡ್ ಸಂಸ್ಥೆಯಲ್ಲಿ ಆರಂಭಗೊಂಡು ಇಂದು ಮುಕ್ತವಾಗಿ ದೊರೆಯುವ ಪ್ರೊಮೀಥಿಯಸ್ ತಂತ್ರಾಂಶವು ಒಂದು ಅಂಕಿಗೆ ಸರಾಸರಿ 1ರಿಂದ 2 ಬೈಟ್ ಸ್ಥಳ ಬಳಸುತ್ತದೆ. ಹೆಚ್ಚಿನ ದರದಲ್ಲಿಯೇ ಹಿಡಿದರೂ ದಿನಕ್ಕೆ ಸುಮಾರು 13 ಮೆಗಾಬೈಟ್, ವರ್ಷಕ್ಕೆ 5 ಗಿಗಾಬೈಟಿಗಿಂತಲೂ ಕಡಿಮೆ. ಒಂದು ಪೆನ್‌ಡ್ರೈವ್‌ನಲ್ಲಿ ಹಲವು ವರ್ಷಗಳ ದಾಖಲೆ ಹಿಡಿಸುತ್ತದೆ! ಆದರೆ ಪ್ರೊಮೀಥಿಯಸ್ ತಾನಾಗಿ ಉಳಿಸುವುದು 15 ದಿನಗಳ ದಾಖಲೆ ಮಾತ್ರ. ಈ ಅವಧಿಯನ್ನು ಅಳವಡಿಸುವ ದಿನವೇ ಹೆಚ್ಚಿಸಬೇಕು. ಜಾಬಿಕ್ಸ್‌ನಂತಹ ಪರ್ಯಾಯಗಳೂ ಇವೆ. ಲಿನಕ್ಸ್‌ನ ಕೆವಿಎಂ ಆಧಾರಿತ ವ್ಯವಸ್ಥೆಗೆ ಬದಲಾಗಬಯಸುವ ಸಂಸ್ಥೆಗೂ ಹಳೆಯ ವ್ಯವಸ್ಥೆಯ ಅಳತೆಯೇ ಹೊಸದರ ಗಾತ್ರವನ್ನು ನಿಗದಿಪಡಿಸುವ ಆಧಾರ.

ಅಳತೆ ಹೊರಗಿನಿಂದ ಮಾತ್ರ ಸಾಲದು. ಹೈಪರ್‌ವೈಸರ್ ‘ಸಕ್ರಿಯ’ ಎಂದು ತೋರಿಸುವ ಮೆಮೊರಿ ಒಂದು ಅಂದಾಜು. ಡೇಟಾಬೇಸ್ ತಂತ್ರಾಂಶವು ಮುಂದೆ ಬೇಕಾದೀತೆಂದು ಹಿಡಿದಿಟ್ಟ ಮೆಮೊರಿ ಅದರಲ್ಲಿ ಪೂರ್ಣವಾಗಿ ಕಾಣದು. ಆದ್ದರಿಂದ ಮೆಷಿನ್‌ನ ಒಳಗಿನ ಅಂಕಿಯನ್ನೂ ತಾಳೆ ನೋಡುವುದು ಅವಶ್ಯ. ಡಿಸ್ಕ್‌ಗೆ ಸಂಬಂಧಿಸಿದಂತೆ, ಹಂಚಿಕೆಯಾದ ಜಾಗದ ಒಟ್ಟು ಮೊತ್ತ ಇರುವ ಜಾಗವನ್ನು ಮೀರಲು ಅವಕಾಶವಿದೆ. ಖಾತೆಯಲ್ಲಿರುವ ಹಣಕ್ಕಿಂತ ಹೆಚ್ಚಿನ ಚೆಕ್‌ಗಳನ್ನು ಬರೆದುಕೊಟ್ಟಂತೆ. ಎಲ್ಲ ಚೆಕ್‌ಗಳೂ ಒಂದೇ ದಿನ ಬಂದರೆ ಮೆಷಿನ್‌ಗಳು ಸ್ಥಗಿತಗೊಳ್ಳುತ್ತವೆ.

ಭದ್ರತೆ ಮತ್ತು ಕಾನೂನು

ಅಳತೆ ಸಂಗ್ರಹಿಸುವ ತಂತ್ರಾಂಶಕ್ಕೆ ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್ ಒಪ್ಪಿಸುವ ಪದ್ಧತಿ ಖಂಡನೀಯ. ಓದಲು ಮಾತ್ರ ಅಧಿಕಾರವಿರುವ ಪ್ರತ್ಯೇಕ ಖಾತೆ ಈ ಕೆಲಸಕ್ಕೆ ಸಾಕು. 2023ರ ಫೆಬ್ರವರಿಯಲ್ಲಿ ಇಎಸ್‌ಎಕ್ಸ್‌ಐ-ಆರ್ಗ್ಸ್ ಎಂಬ ಸುಲಿಗೆ ತಂತ್ರಾಂಶವು ಹಲವು ದೇಶಗಳಲ್ಲಿ ಹೈಪರ್‌ವೈಸರ್‌ಗಳ ಮೇಲೆಯೇ ದಾಳಿ ನಡೆಸಿತ್ತು. ಕೆಳಗಿನ ನೆಲೆ ಕೈತಪ್ಪಿದರೆ ಮೇಲಿನ ಯಾವ ಮೆಷಿನ್ ಕೂಡ ಸುರಕ್ಷಿತವಲ್ಲ. ಸಂಗ್ರಹಕ ತಂತ್ರಾಂಶವನ್ನು ತಾನು ಕಾವಲು ಕಾಯುವ ಯಂತ್ರಗಳಲ್ಲೇ ಇರಿಸುವುದೂ ಸಲ್ಲದು. ಯಂತ್ರ ನಿಂತಾಗ ಕಾವಲುಗಾರನೂ ಮಲಗಿರುತ್ತಾನೆ.

ಸರ್ಟ್-ಇನ್ ಸಂಸ್ಥೆಯು 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನಗಳು ಮಾಹಿತಿ ತಂತ್ರಜ್ಞಾನ ವ್ಯವಸ್ಥೆಗಳ ಲಾಗ್‌ಗಳನ್ನು 180 ದಿನ ಉಳಿಸಿಕೊಳ್ಳಬೇಕೆಂದೂ ಸೈಬರ್ ಘಟನೆಗಳನ್ನು 6 ಗಂಟೆಯೊಳಗೆ ವರದಿ ಮಾಡಬೇಕೆಂದೂ ವಿಧಿಸಿವೆ. ಬಳಕೆಯ ಅಳತೆಗಳು ಲಾಗ್‌ಗಳಲ್ಲ. ಒಂದನ್ನು ಇಟ್ಟ ಮಾತ್ರಕ್ಕೆ ಇನ್ನೊಂದರ ಹೊಣೆ ತೀರುವುದಿಲ್ಲ. ಎಲ್ಲ ಯಂತ್ರಗಳ ಗಡಿಯಾರ ಒಂದೇ ಸಮಯ ತೋರಿಸಬೇಕೆಂಬ ಷರತ್ತು ಮಾತ್ರ ಎರಡಕ್ಕೂ ಉಪಕಾರಿ. ಗಡಿಯಾರ ಹೊಂದದಿದ್ದರೆ ಒಂದು ಯಂತ್ರದ ಅಂಕಿಯನ್ನು ಮತ್ತೊಂದರ ಪಕ್ಕದಲ್ಲಿಟ್ಟು ಓದುವುದೇ ಅಸಾಧ್ಯ.

ಕಂಪನಿಗಳ ಕಾಯ್ದೆ, 2013ರ ಎರಡನೆಯ ಅನುಸೂಚಿಯು ಸರ್ವರ್‌ಗಳಿಗೆ 6 ವರ್ಷಗಳ ಉಪಯುಕ್ತ ಆಯುಸ್ಸನ್ನು ನಿಗದಿಪಡಿಸಿದೆ. ತಂತ್ರಾಂಶದ ಕಾಲಗಣನೆ ಬೇರೆಯೇ ಇದೆ. ವಿಎಂವೇರ್‌ನ ವಿಸ್ಫಿಯರ್ 7 ಆವೃತ್ತಿಗೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 2ಕ್ಕೆ ಮುಗಿಯಿತು. ಆವೃತ್ತಿ 8ಕ್ಕೆ ನಿಗದಿಯಾಗಿರುವ ದಿನ 2027ರ ಅಕ್ಟೋಬರ್ 11. ಅಂದು ನವೀಕರಣವೋ ಬದಲಾವಣೆಯೋ ಎಂದು ತೀರ್ಮಾನಿಸುವ ಮುನ್ನ ನಾಲ್ಕೂ ತ್ರೈಮಾಸಿಕಗಳು ಮತ್ತು ಮಾರ್ಚ್ ಅಂತ್ಯದ ಒತ್ತಡ ಸೇರಿದ ಒಂದು ಪೂರ್ಣ ಹಣಕಾಸು ವರ್ಷದ ಅಳತೆ ಕೈಯಲ್ಲಿರಬೇಕು. ಆ ದಿನಾಂಕಕ್ಕೆ ಮುನ್ನ ಬರುವ ಕೊನೆಯ ಪೂರ್ಣ ಹಣಕಾಸು ವರ್ಷ 2026-27.