ಟ್ರಾಕ್ಟರಿನ ಎಂಜಿನ್ ಕೆಟ್ಟಾಗ: ರಿಪೇರಿಯೋ, ಬದಲಿಯೋ, ಮಾರಾಟವೋ?



ಬಿತ್ತನೆಯ ಹೊತ್ತಿಗೆ ಟ್ರಾಕ್ಟರು ನಿಂತುಬಿಟ್ಟರೆ ಯಾರಿಗಾದರೂ ಕೈಕಾಲು ಆಡುವುದಿಲ್ಲ. ಆ ಗಾಬರಿಯಲ್ಲಿ ಬಡ್ಡಿಗೆ ಹಣ ತಂದು ಎಂಜಿನ್ ಕಟ್ಟಿಸುವವರಿದ್ದಾರೆ. ಸಿಕ್ಕ ಬೆಲೆಗೆ ಗುಜರಿಗೆ ಕೊಟ್ಟು ಆಮೇಲೆ ಪೇಚಾಡುವವರೂ ಇದ್ದಾರೆ. ಎರಡು ದಿನ ತಡೆದು ಲೆಕ್ಕ ಹಾಕಿ ನೋಡಿದರೆ ಎರಡು ಬಗೆಯ ನಷ್ಟವನ್ನೂ ತಪ್ಪಿಸಿಕೊಳ್ಳಬಹುದು.

ಮೊದಲು ರೋಗ ತಿಳಿಯಿರಿ

ಕಪ್ಪು ಹೊಗೆ ಬಂದು ಎಳೆತ ಕಡಿಮೆಯಾಗಿದ್ದರೆ ಏರ್ ಫಿಲ್ಟರು, ಇಂಜೆಕ್ಟರುಗಳನ್ನು ನೋಡಿಸಿರಿ. ಅನೇಕ ವೇಳೆ ಇದು ಸಣ್ಣ ಖರ್ಚಿನಲ್ಲೇ ಮುಗಿಯುತ್ತದೆ. ನೀಲಿ ಹೊಗೆ ಬಂದು ಆಯಿಲ್ ಇಳಿಯುತ್ತಿದ್ದರೆ ರಿಂಗು, ಲೈನರು ಸವೆದಿರಬಹುದು. ಆಯಿಲ್ ಮಜ್ಜಿಗೆಯಂತೆ ಬಿಳಿಚಿದ್ದರೆ ಅದಕ್ಕೆ ನೀರು ಸೇರಿದೆ ಎಂದು ತಿಳಿಯಿರಿ. ಹೆಡ್ ಗ್ಯಾಸ್ಕೆಟ್ ಹೋಗಿರಬಹುದು, ಹೆಡ್ ಬಿರಿದಿರಲೂಬಹುದು. ಎಂಜಿನ್ನಿನ ಕೆಳಭಾಗದಿಂದ ದಪ್ಪನೆಯ ಬಡಿತ ಕೇಳಿದರೆ ಬೇರಿಂಗು ಸವೆದಿರುವ ಸಂಭವ ಹೆಚ್ಚು. ಈ ಕಡೆಯ ಎರಡು ಲಕ್ಷಣ ಕಂಡರೆ ಮತ್ತೆ ಚಾಲೂ ಮಾಡಲೇಬೇಡಿರಿ. ಹಾಗೆ ಓಡಿಸಿದರೆ ಕ್ರ್ಯಾಂಕ್ ಶಾಫ್ಟೂ ಕೆಡುತ್ತದೆ.

ಮೂರು ಅಂಕಿಗಳನ್ನು ಬರೆಯಿರಿ

ಈಗಿರುವಂತೆಯೇ ಮಾರಿದರೆ ಎಷ್ಟು ಬರುತ್ತದೆ? ಸರಿಪಡಿಸಿ ಮಾರಿದರೆ ಎಷ್ಟು? ಸರಿಪಡಿಸಲು ತಗಲುವ ಖರ್ಚೆಷ್ಟು? ಉದಾಹರಣೆಗೆ, ನಿಂತ ಟ್ರಾಕ್ಟರಿಗೆ 90,000 ರೂಪಾಯಿ, ಓಡುವ ಟ್ರಾಕ್ಟರಿಗೆ 2,20,000 ರೂಪಾಯಿ, ರಿಪೇರಿಗೆ 80,000 ರೂಪಾಯಿ ಎಂದಿಟ್ಟುಕೊಳ್ಳಿ. ರಿಪೇರಿಯಿಂದ 50,000 ರೂಪಾಯಿ ಉಳಿಯುತ್ತದೆ. ಆದರೆ ಆ ಬೆಲೆ ಬರಲು ಗೇರ್ ಬಾಕ್ಸು, ಟೈರುಗಳಿಗೆ ಇನ್ನೂ 70,000 ರೂಪಾಯಿ ಬೇಕಾದರೆ 20,000 ರೂಪಾಯಿ ಕೈಬಿಟ್ಟಂತೆ. ಆಗ ಇದ್ದಂತೆಯೇ ಮಾರುವುದು ಲೇಸು.

ಕಟ್ಟಿಸುವುದಾದರೆ

ಎಂಜಿನ್ ಬಿಚ್ಚುವ ಮೊದಲು ಒಂದು ಅಂದಾಜು, ಬಿಚ್ಚಿ ಕ್ರ್ಯಾಂಕ್ ಶಾಫ್ಟನ್ನೂ ಬ್ಲಾಕನ್ನೂ ಅಳೆದ ಮೇಲೆ ಇನ್ನೊಂದು ಅಂದಾಜು ಬರೆಸಿಕೊಳ್ಳಿರಿ. ಬ್ಲಾಕ್ ಸೀಳಿದ್ದರೆ ಅಲ್ಲಿಗೇ ನಿಲ್ಲಿಸಿ ಲೆಕ್ಕವನ್ನು ಮತ್ತೆ ನೋಡಿರಿ. ತೆಗೆದ ಹಳೆಯ ಸಾಮಾನನ್ನು ಕೇಳಿ ಪಡೆಯಿರಿ.

ಬೇರೆ ಎಂಜಿನ್ ಕೂರಿಸುವುದಾದರೆ

ಹಳೆಯ ಎಂಜಿನ್ನನ್ನು ಚಾಲೂ ಮಾಡಿ ತೋರಿಸದೆ ಕೊಳ್ಳಬೇಡಿರಿ. ಬಿಲ್ಲು ಇರಲೇಬೇಕು. ಆರ್.ಸಿ.ಯಲ್ಲಿ ಎಂಜಿನ್ ನಂಬರು ಇರುವುದರಿಂದ ಆರ್.ಟಿ.ಒ. ಕಚೇರಿಗೂ ವಿಮೆಯವರಿಗೂ ತಿಳಿಸಿ ಹೊಸ ನಂಬರನ್ನು ನಮೂದಿಸಿಕೊಳ್ಳಿರಿ.

ಮಾರುವುದಾದರೆ

ಸಾಲವಿದ್ದರೆ ಬ್ಯಾಂಕಿನ ಒಪ್ಪಿಗೆ ಪತ್ರ ಬೇಕು. ನಮೂನೆ 29 ಮತ್ತು 30ಕ್ಕೆ ಸಹಿಯಾಗಿ, ಕೊಂಡವರ ಹೆಸರಿಗೆ ಆರ್.ಸಿ. ಬದಲಾಗುವವರೆಗೂ ಬೆನ್ನು ಬಿಡಬೇಡಿರಿ. ಹೆಸರು ಬದಲಾಗದ ವಾಹನದಿಂದ ಅಪಘಾತವಾದರೆ ಪರಿಹಾರದ ಹೊಣೆ ಆರ್.ಸಿ.ಯಲ್ಲಿರುವ ಮಾಲೀಕರದೇ ಎಂದು ಸುಪ್ರೀಂ ಕೋರ್ಟು 2018ರಲ್ಲಿ ಹೇಳಿದೆ.

ಕೆಟ್ಟ ಕಾರಣ ಬಿಡಬೇಡಿರಿ

ಕಟ್ಟಿದ ರೇಡಿಯೇಟರು, ಹರಿದ ಫ್ಯಾನ್ ಬೆಲ್ಟು, ಹೊತ್ತಿಗೆ ಬದಲಿಸದ ಆಯಿಲ್, ಧೂಳು ತುಂಬಿದ ಏರ್ ಫಿಲ್ಟರು ಇವು ಎಂಜಿನ್ನಿನ ಶತ್ರುಗಳು. ಇವನ್ನು ಸರಿಪಡಿಸದಿದ್ದರೆ ಹೊಸದಾಗಿ ಕಟ್ಟಿದ ಎಂಜಿನ್ನೂ ಉಳಿಯದು.

ಈ ಹಂಗಾಮಿಗೆ ಹಣ ಹೊಂದದಿದ್ದರೆ ಬಾಡಿಗೆ ಟ್ರಾಕ್ಟರಿನಿಂದ ಉಳುಮೆ ಮುಗಿಸಿ, ಸುಗ್ಗಿಯಾದ ಮೇಲೆ ತೀರ್ಮಾನಿಸಿರಿ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು. ಯಂತ್ರ ಇರುವುದು ಹೊಲಕ್ಕಾಗಿ. ಯಂತ್ರಕ್ಕಾಗಿ ಹೊಲವನ್ನು ಅಡವಿಡಬಾರದು.